ಕೇಳಿದ್ದು ಒಂದೇ ಸಲ

ಮೆಟ್ಟುಪಾಳ್ಯಂ ಅಂದರೆ ಘಟ್ಟದ ಮೇಲಿನವರಿಗೆ ನೆನಪಾಗೋದು ಊಟಿ ರೈಲು. 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಮುಟ್ಟಿದ ಆ ರೈಲಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಆ ಕಡೆ ಹೋಗೋದಿಲ್ಲ. ರೈಲಿಗೆ ಕಾಯುವವರು ಪೇಟೆಯಲ್ಲಿ ಒಂದು ಗಳಿಗೆ ಕಿವಿಗೊಟ್ಟು ನಿಂತರೆ ಕನ್ನಡವೂ ಕೇಳಿಸುತ್ತದೆ. ಕಾರಮಡೈ ಕಡೆಯ ಒಕ್ಕಲಿಗರು, ಸಿರುಮುಗೈಯ ಮಗ್ಗದ ದೇವಾಂಗರು ಮನೆಯಲ್ಲಿ ಆಡೋದು ಕನ್ನಡ. ಆಲೂಗಡ್ಡೆ ಮಂಡಿಗೆ ಮೂಟೆ ತರುವ ಬೆಟ್ಟದ ಬಡಗರ ಮಾತೂ ಇದೆ. ಅದು ಬೇರೆಯೇ ಭಾಷೆ ಅಂತ ಅವರು ಹೇಳುತ್ತಾರೆ. ನನಗಂತೂ ಮುಕ್ಕಾಲು ಪಾಲು ತಿಳಿಯುತ್ತದೆ.

ಆದರೆ ಇಲ್ಲಿ ಕನ್ನಡ ಆಡುವವರು ಸಾಮಾನ್ಯವಾಗಿ ಅದನ್ನು ಬರೆಯೋದಿಲ್ಲ. ಶಾಲೆ, ರೇಷನ್ ಕಾರ್ಡು, ಮದುವೆ ಪತ್ರಿಕೆ ಎಲ್ಲ ತಮಿಳು. ನಾನು ಅಕ್ಷರ ಕಲಿತದ್ದೇ ಇಪ್ಪತ್ತು ದಾಟಿದ ಮೇಲೆ, ರೇಷ್ಮೆ ನೂಲಿಗಾಗಿ ಕೊಳ್ಳೇಗಾಲಕ್ಕೆ ಓಡಾಡುತ್ತ, ಬಸ್ಸಿನ ಬೋರ್ಡು ಕೂಡಿಸಿ ಕೂಡಿಸಿ ಓದಿ. ಗಡಿಯಾಚೆಯ ಕನ್ನಡಕ್ಕೆ ಸರ್ಕಾರ ಇನ್ನು ಮುಂದೆ ಹಣ ಹೇಗೆ ಕೊಡಬೇಕು, ಅದಕ್ಕೆ ಮೊದಲು ಯಾರನ್ನು ಕೇಳಬೇಕು ಅನ್ನೋ ಮಾತು ಬಂದಾಗ, ಈ ಬರೆಯದ ಕನ್ನಡವನ್ನು ಲೆಕ್ಕಕ್ಕೆ ಹಿಡಿಯದೆ ಮಾತಾಡಿ ಪ್ರಯೋಜನವಿಲ್ಲ. ಹಿಂದೆ ಒಮ್ಮೆ ಹಾಗೆ ಆಗಿದೆ.

ಈ ಕನ್ನಡ ನಿನ್ನೆ ಮೊನ್ನೆ ವಲಸೆ ಬಂದದ್ದಲ್ಲ. ನಮ್ಮ ಭವಾನಿ ಹೊಳೆ ಸಿರುಮುಗೈ ದಾಟಿ ಕೆಳಗೆ ಹರಿದು ಮೋಯಾರನ್ನು ಕೂಡುವ ಕಡೆ ದಣ್ಣಾಯಕನ ಕೋಟೆ ಇತ್ತು. ಹೊಯ್ಸಳರ ದಂಡನಾಯಕರ ಹೆಸರು ಹೊತ್ತ ಕೋಟೆ. 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿತು. ಬರಗಾಲದಲ್ಲಿ ನೀರು ಇಳಿದರೆ ಗೋಡೆ ತಲೆಯೆತ್ತುತ್ತದೆ. ಆಮೇಲೆ ಬಂದ ಮೈಸೂರಿನ ದಂಡು ಗಜ್ಜಲಹಟ್ಟಿ ಘಟ್ಟ ಇಳಿದು ಕೊಯಮತ್ತೂರಿಗೆ ಹೋಗುತ್ತಿತ್ತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಕಂಪನಿಯವರ ಕೈಗೆ ಹೋಯಿತು. ಅವರು ಮಾಡಿದ ಕೊಯಮತ್ತೂರು ಜಿಲ್ಲೆಯಲ್ಲಿ ಕೊಳ್ಳೇಗಾಲವೂ ಸೇರಿತ್ತು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ನಂಬೋಕೆ ಕಷ್ಟ, ಆದರೆ 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಕೊಳ್ಳೇಗಾಲಕ್ಕೂ ಮೆಟ್ಟುಪಾಳ್ಯಂಗೂ ಒಂದೇ ಜಿಲ್ಲಾ ಕಚೇರಿ.

ಬೆಳಗಾಗುವಷ್ಟರಲ್ಲಿ ಗಡಿ ಬಂತು. ಅದಕ್ಕೆ ಮುಂಚೆ ಜನರನ್ನು ಕೇಳಿದ್ದರೇ ಅಂದರೆ, ಕೇಳಿದ್ದರು, ನಿಜ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1954ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಂದ ಲಿಖಿತ ಮನವಿ ಕರೆಯಿತು. ಏಪ್ರಿಲ್ ಒಳಗೆ ಕಳಿಸಬೇಕಿತ್ತು. ಬಂದ ಕಾಗದಗಳು 1,52,250. ಅವುಗಳಲ್ಲಿ ಬಹುಪಾಲು ತಂತಿ, ಠರಾವು ಇಂಥವು; ಯೋಚಿಸಿ ಬರೆದ ಮನವಿಗಳು ಸುಮಾರು 2,000 ಮೀರಲಿಲ್ಲ ಅಂತ ಆಯೋಗವೇ ವರದಿಯಲ್ಲಿ ಬರೆದುಕೊಂಡಿದೆ. 104 ಊರು ಸುತ್ತಿ, 9,000ಕ್ಕೂ ಮೇಲ್ಪಟ್ಟು ಜನರನ್ನು ಕಂಡು ಮಾತಾಡಿಸಿದರು. ಇವತ್ತಿನ ಯಾವ ಆಯೋಗ ಅಷ್ಟು ಅಲೆಯುತ್ತದೆ? ಆ ಶ್ರಮವನ್ನು ನಾನು ಹಗುರವಾಗಿ ಕಾಣೋದಿಲ್ಲ.

ಆದರೂ ಮನವಿ ಬರೆಯೋದು ವಕೀಲರ, ಮೇಷ್ಟರ, ಪಕ್ಷದವರ ಕೆಲಸ. ಮಗ್ಗದ ಗುಳಿಯಲ್ಲಿ ಕಾಲಿಟ್ಟು ಕೂತವನು ಎರಡು ತಿಂಗಳಲ್ಲಿ ದಿಲ್ಲಿಗೆ ಏನು ಬರೆದಾನು? ಕೊಳ್ಳೇಗಾಲ ಮೈಸೂರಿಗೆ ಹೋಯಿತು. ಪಕ್ಕದ ತಾಳವಾಡಿ, ಅಂದರೆ ರಾಜ್‌ಕುಮಾರ್ ಅವರ ಗಾಜನೂರು ಇರುವ ಸೀಮೆ, ಕನ್ನಡದವರೇ ತುಂಬಿದ್ದರೂ ಈಚೆ ಉಳಿಯಿತು. ಮೆಟ್ಟುಪಾಳ್ಯಂ ಆ ಕಡೆ ಹೋಗುವ ಮಾತೇ ಇರಲಿಲ್ಲ, ಹೋಗಬೇಕು ಅಂತ ನಾನೂ ಹೇಳೋದಿಲ್ಲ. ಇದು ತಮಿಳು ನಾಡು, ಇಲ್ಲಿ ನಮ್ಮ ಬಾಳು ಚೆನ್ನಾಗೇ ನಡೆದಿದೆ. ನನ್ನ ತಕರಾರು ಒಂದೇ. ನೆಲ ಯಾರದು ಅಂತ ಆವತ್ತು ಕೇಳಿದರು. ನೆಲ ಹಂಚಿದ ಮೇಲೆ ಎರಡು ಕಡೆಗೂ ಸೇರಿದ ಹಾಡು, ಹಬ್ಬ, ಮಾತು ಇವುಗಳನ್ನು ಯಾರು ನೋಡಿಕೊಳ್ಳಬೇಕು ಅಂತ ಮನೆ ಬಾಗಿಲಿಗೆ ಬಂದು ಇದುವರೆಗೆ ಯಾರೂ ಕೇಳಲಿಲ್ಲ.

ಏನೂ ಆಗಲೇ ಇಲ್ಲ ಅಂತಲ್ಲ. 1956ರಲ್ಲೇ ಸಂವಿಧಾನಕ್ಕೆ 350ಎ, 350ಬಿ ವಿಧಿಗಳು ಸೇರಿ ಭಾಷಾ ಅಲ್ಪಸಂಖ್ಯಾತರ ಮಕ್ಕಳ ಕಲಿಕೆಗೆ ಒಂದು ಆಸರೆ ಸಿಕ್ಕಿತು. 1986ರಲ್ಲಿ ತಂಜಾವೂರಿನಲ್ಲಿ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರ ಶುರುವಾಯಿತು. ಕರ್ನಾಟಕವೂ ತಮಿಳುನಾಡೂ ಅದರ ಸದಸ್ಯರು. 2010ರ ಕಾಯ್ದೆಯಿಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಬಂತು, ಅದು ಹೊರರಾಜ್ಯದ ಕನ್ನಡ ಶಾಲೆಗಳಿಗೂ ಸಂಘಗಳಿಗೂ ನೆರವು ಕೊಡುತ್ತದೆ. ಇನ್ನು 2009ರ ಆಗಸ್ಟ್ ಯಾರು ಮರೆತಾರು? 9ನೇ ತಾರೀಕು ಬೆಂಗಳೂರಿನ ಹಲಸೂರಿನಲ್ಲಿ, ಹದಿನೆಂಟು ವರ್ಷ ಮುಸುಕಿನಲ್ಲಿ ನಿಂತಿದ್ದ ತಿರುವಳ್ಳುವರ್ ಪ್ರತಿಮೆ ತೆರೆಯಿತು. ನಾಲ್ಕು ದಿನಕ್ಕೆ ಚೆನ್ನೈನ ಅಯನಾವರದಲ್ಲಿ ಸರ್ವಜ್ಞ ನಿಂತ. ಆ ವಾರ ನಮ್ಮ ಓಣಿಯಲ್ಲಿ ಜನ ನಿಜವಾಗಿ ಹಗುರಾದರು. ಕಾವೇರಿ ಗಲಾಟೆ ಎದ್ದಾಗಲೆಲ್ಲ ಎರಡು ಕಡೆಯವರಿಂದಲೂ ಮಾತು ಕೇಳುವವರು ನಾವು ತಾನೇ.

ಪ್ರತಿಮೆ ಒಳ್ಳೆಯದು. ಆದರೆ ಚೆನ್ನೈ ನಮಗೆ ಒಂದು ರಾತ್ರಿಯ ಪ್ರಯಾಣ. ಅನುದಾನದ ವಿಷಯಕ್ಕೆ ಬಂದರೆ, ಅರ್ಜಿ ಹಾಕೋಕೆ ಸಂಘ ಬೇಕು, ಸಂಘಕ್ಕೆ ನೋಂದಣಿ, ಲೆಕ್ಕಪತ್ರ, ಕನ್ನಡದಲ್ಲಿ ಕಾಗದ. ಕನ್ನಡ ಓದಲು ಬಾರದವರಿಗೇ ಹೆಚ್ಚು ಬೇಕಾದ ಹಣಕ್ಕೆ ಕನ್ನಡ ಬರೆಯಲು ಬರುವವರೇ ಅರ್ಜಿ ಹಾಕಬೇಕಾಗುತ್ತದೆ. ಹಾಗಾಗಿ ಹಣ ಸಂಘ ಗಟ್ಟಿಯಾಗಿರುವ ಊರಿಗೆ ಹೋಗುತ್ತದೆ, ಒಂದು ದಿನದ ಸಮಾರಂಭ ಆಗುತ್ತದೆ, ಶಾಲು ಹೊದಿಸುತ್ತಾರೆ.

ನಾನು ನಮ್ಮ ಓಣಿಯಲ್ಲಿ ನಾಲ್ಕಾರು ಮನೆಯವರನ್ನು ಸುಮ್ಮನೆ ಕೇಳಿ ನೋಡಿದೆ: ದುಡ್ಡು ಬಂದರೆ ಏನು ಮಾಡಿಸೋಣ ಅಂತ. ಯಾರೂ ಭವನ ಕಟ್ಟಿಸಿ ಅನ್ನಲಿಲ್ಲ. ಒಬ್ಬ ಅಜ್ಜಿ, ಚೌಡಮ್ಮನ ಹಬ್ಬದ ಹಾಡು ಬರುವವರು ಇನ್ನು ನಾವು ಮೂವರೇ, ಫೋನಿನಲ್ಲಿ ಹಿಡಿದಿಡಿ ಅಂದಳು. ಚೌಡೇಶ್ವರಿಗೆ ಕತ್ತಿ ಹಿಡಿದು ಕುಣಿಯುವ ಅಲಗು ಸೇವೆ ವಿಜಯದಶಮಿಗೆ ಕೊಯಮತ್ತೂರಿನಲ್ಲಿ ದೊಡ್ಡದಾಗಿ ನಡೆಯುತ್ತದೆ, ಅದಕ್ಕೆ ಸಾವಿರಾರು ಜನ ಸೇರುತ್ತಾರೆ. ಆದರೆ ಮನೆಯೊಳಗಿನ ಹಾಡಿಗೆ ಮೂವರೇ. ನೇಕಾರನೊಬ್ಬ ಹಳೇ ಅಂಚಿನ ನಮೂನೆಗಳ ಕನ್ನಡ ಹೆಸರು ಬರೆಸಿಡಿ ಅಂದ. ಪಕ್ಕದ ಮನೆಯ ಹುಡುಗಿ, ತಮಿಳು ಅಕ್ಷರದಿಂದ ಕನ್ನಡ ಅಕ್ಷರ ಕಲಿಯೋ ಪುಸ್ತಕ ಇದೆಯಾ ಮಾವ ಅಂತ ಕೇಳಿತು. ಮೂರೂ ಸಣ್ಣ ಖರ್ಚಿನವು. ಬೆಂಗಳೂರಿನಲ್ಲಿ ಕೂತು ಯೋಜನೆ ಬರೆಯುವವರಿಗೆ ಹೊಳೆಯುವಂಥವಲ್ಲ.

ಯುರೋಪಿನಲ್ಲಿ ಗಡಿಯ ಎರಡೂ ಬದಿಯ ಊರುಗಳು ಕೂಡಿ ಕೆಲಸ ಮಾಡಲೆಂದು 1990ರಿಂದ ಇಂಟರ್‌ರೆಗ್ ಅನ್ನೋ ನಿಧಿ ಇದೆ. ಅಲ್ಲಿನ ಬಜೆಟ್ಟು ಏಳು ವರ್ಷಕ್ಕೊಂದು. ಅದಕ್ಕೆ ಮುಂಚೆ ಸಾಮಾನ್ಯವಾಗಿ ಹನ್ನೆರಡು ವಾರ ಜನರ ಅಭಿಪ್ರಾಯ ಕೇಳುತ್ತಾರೆ, ಹಲವು ಭಾಷೆಗಳಲ್ಲಿ. ನಮ್ಮ ಕೇಂದ್ರ ಸರ್ಕಾರವೂ 2014ರಲ್ಲಿ, ಹೊಸ ಮಸೂದೆಯ ಕರಡನ್ನು ಮೂವತ್ತು ದಿನವಾದರೂ ಜನರ ಮುಂದೆ ಇಡಬೇಕು ಅಂತ ನೀತಿ ಮಾಡಿಕೊಂಡಿತು. ಆ ನೀತಿ ಮಸೂದೆಗಳಿಗೆ, ಅನುದಾನಕ್ಕಲ್ಲ. ಅನುದಾನಕ್ಕೂ ಹಾಗೇ ಕೇಳಿದರೆ ಯಾರೂ ತಡೆಯೋದಿಲ್ಲ.

ಕೇಳುವುದಾದರೆ ಪ್ರಶ್ನೆ ಕನ್ನಡದ್ದೇ ಇರಲಿ, ಅಕ್ಷರ ತಮಿಳಿನಲ್ಲೂ ಅಚ್ಚಾಗಲಿ. ಬಾಯಲ್ಲಿ ಹೇಳಿದ್ದನ್ನೂ ಬರೆದುಕೊಳ್ಳುವ ಒಬ್ಬ ಆಳು ಜೊತೆಗೆ ಬರಲಿ. ಕರ್ನಾಟಕದ ಬಜೆಟ್ಟು ಮಾರ್ಚಿನ ಹೊತ್ತಿಗೆ ಬರೋದರಿಂದ ಆಡಿ ತಿಂಗಳು ಕಳೆದ ಕೂಡಲೇ ಬಂದರೆ ಸರಿಹೋದೀತು. ದೀಪಾವಳಿಗೆ ಮುಂಚಿನ ತಿಂಗಳು ಮಾತ್ರ ಬೇಡ, ಆಗ ಸಿರುಮುಗೈಯಲ್ಲಿ ಯಾರೂ ಮಗ್ಗ ಬಿಟ್ಟು ಏಳೋದಿಲ್ಲ.