ಕಾಫಿ ಚೀಲದ ಲೆಕ್ಕದಲ್ಲಿ ಲ್ಯಾಪ್‌ಟಾಪ್

ದಕ್ಷಿಣ ಕೊಡಗಿನಲ್ಲಿ ಮನೆಗೆ ದುಡ್ಡು ಬರುವ ಹೊತ್ತಿಗೂ ಕಾಲೇಜು ಶುರುವಾಗುವ ಹೊತ್ತಿಗೂ ತಾಳೆಯಾಗುವುದಿಲ್ಲ. ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಕಣದಲ್ಲಿ ಒಣಗಿದ ಚೆರ್ರಿ ಚೀಲ ಸೇರಿ, ವ್ಯಾಪಾರಿಯ ಲಾರಿ ಹತ್ತಿದ ಮೇಲೆ ಕೈಗೆ ಹಣ. ಆಳುಗಳ ಕೂಲಿ, ಗೊಬ್ಬರ, ಬ್ಯಾಂಕಿನ ಬೆಳೆಸಾಲ ಎಲ್ಲ ಕಳೆದು, ಬೇಸಗೆಯ ಮದುವೆಗಳ ಖರ್ಚೂ ಮುಗಿದು, ಮುಂಗಾರು ಬ್ರಹ್ಮಗಿರಿ ದಾಟಿ ಇಳಿಯುವ ವೇಳೆಗೆ ಕೈ ಬರಿದಾಗಿರುತ್ತದೆ. ಪಿಯುಸಿ ಮುಗಿಸಿದ ಮಗಳು ಲ್ಯಾಪ್‌ಟಾಪ್ ಮಾತು ತೆಗೆಯುವುದು ಸರಿಯಾಗಿ ಆಗಲೇ. ಇಂಥ ಹೊತ್ತಿಗಿರಲಿ ಎಂದೇ ಅನೇಕ ಮನೆಗಳಲ್ಲಿ ಒಂದೆರಡು ಚೀಲ ಕರಿಮೆಣಸನ್ನು ಮಾರದೆ ಇಟ್ಟುಕೊಳ್ಳುವ ರೂಢಿಯಿದೆ. ಮೆಣಸು ಕೆಡುವುದಿಲ್ಲ, ಬೇಕಾದಾಗ ಮಾರಬಹುದು. ಕೊಡಗಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಹೀಗೆ ಮೆಣಸಿನ ಚೀಲದಿಂದಲೇ ಹೊರಬಂದವು.

ಶ್ರೀಮಂಗಲ ಇಂಥ ಲೆಕ್ಕದ ಊರು. ಗೋಣಿಕೊಪ್ಪದಿಂದ ಪೊನ್ನಂಪೇಟೆ, ಹುದಿಕೇರಿ ದಾಟಿ ಕುಟ್ಟದತ್ತ ಹೋಗುವ ದಾರಿಯಲ್ಲಿರುವ ಹೋಬಳಿ ಕೇಂದ್ರ. ಹಿಂದೆ ವಿರಾಜಪೇಟೆ ತಾಲ್ಲೂಕು, ಈಗ ಪೊನ್ನಂಪೇಟೆ ತಾಲ್ಲೂಕು. ಹತ್ತಿರದಲ್ಲೇ ಇರ್ಪು ಜಲಪಾತ, ಬೆಟ್ಟದಾಚೆಗೆ ಕೇರಳದ ವಯನಾಡು. ಪಿಯುಸಿವರೆಗೆ ಓದು ಆಸುಪಾಸಿನಲ್ಲೇ ಹೇಗೋ ಸಾಗುತ್ತದೆ. ಆಮೇಲೆ ಗೋಣಿಕೊಪ್ಪದ ಕಾವೇರಿ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು ಅಥವಾ ಎಂಜಿನಿಯರಿಂಗ್ ಕಾಲೇಜು. ಇಲ್ಲವಾದರೆ ಬಸ್ಸು ಹತ್ತಿ ಮೈಸೂರು, ಮಂಗಳೂರು, ಬೆಂಗಳೂರು.

ಕಂಪ್ಯೂಟರ್ ಅಗ್ಗವಾದ ಚರಿತ್ರೆಯನ್ನು ಸಾಮಾನ್ಯವಾಗಿ ಚಿಪ್, ಸುಂಕ, ಸರ್ಕಾರಿ ಯೋಜನೆಗಳ ಮೂಲಕ ಹೇಳುತ್ತಾರೆ. ಶ್ರೀಮಂಗಲದ ಕಡೆಯಿಂದ ನೋಡಿದರೆ ಅದರ ಪಕ್ಕದಲ್ಲಿ ಕಾಫಿಯ ಧಾರಣೆಯನ್ನೂ ಇಡಬೇಕು. 1990ರ ದಶಕದ ಆರಂಭದವರೆಗೆ ಬೆಳೆಗಾರ ತನ್ನ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ದುಡ್ಡು ಕಂತುಕಂತಾಗಿ ಬರುತ್ತಿತ್ತು. ಮಗನನ್ನು ಓದಿಸುವ ಖರ್ಚೂ ಆ ಕಂತುಗಳ ದಾರಿ ಕಾಯಬೇಕಿತ್ತು. 1992ರಿಂದ ಸ್ವಲ್ಪಸ್ವಲ್ಪವಾಗಿ ಮುಕ್ತ ಮಾರಾಟಕ್ಕೆ ಅವಕಾಶ ಸಿಕ್ಕಿ, 1996ರ ವೇಳೆಗೆ ಎಲ್ಲ ಬೆಳೆಗಾರರಿಗೂ ಮಾರುಕಟ್ಟೆ ಪೂರ್ತಿ ತೆರೆಯಿತು. ಈ ನಡುವೆ 1994ರಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಹಿಮ ಬಿದ್ದು ಜಗತ್ತಿನಾದ್ಯಂತ ಕಾಫಿ ಬೆಲೆ ಜಿಗಿಯಿತು. ಕೊಡಗಿನಲ್ಲಿ ಹೊಸ ಮನೆ, ಹೊಸ ಜೀಪು ಕಾಣಿಸಿದ್ದು ಆಗಲೇ. ಮಕ್ಕಳನ್ನು ದೂರದ ಎಂಜಿನಿಯರಿಂಗ್ ಕಾಲೇಜಿಗೆ ಕಳಿಸುವ ಧೈರ್ಯವೂ ಆ ಫಸಲಿನದೇ. ಆದರೆ ಮನೆಗೊಂದು ಕಂಪ್ಯೂಟರ್ ತರುವ ಯೋಚನೆ ಆಗ ಯಾರಿಗೂ ಇರಲಿಲ್ಲ. ಅರ್ಧ ಲಕ್ಷಕ್ಕಿಂತ ಹೆಚ್ಚು ಬೆಲೆ ಬಾಳುವ ಪೆಟ್ಟಿಗೆಯಿಂದ ತೋಟದ ಮನೆಗೆ ಏನು ಉಪಯೋಗ?

ಹೋಬಳಿಯ ಬಹುಪಾಲು ರೈತರು ಕಂಪ್ಯೂಟರನ್ನು ಹತ್ತಿರದಿಂದ ಕಂಡದ್ದು ತಾಲ್ಲೂಕು ಕಚೇರಿಯಲ್ಲಿ ಎಂದರೆ ತಪ್ಪಾಗಲಾರದು. 2001ರ ಆಸುಪಾಸಿನಲ್ಲಿ ರಾಜ್ಯದ ತಾಲ್ಲೂಕುಗಳಿಗೆ ಬಂದ ‘ಭೂಮಿ’ ಯೋಜನೆಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಯಂತ್ರದಿಂದ ಅಚ್ಚಾಗಿ ಬರುತ್ತಿತ್ತು. ಹುಡುಗರು ಕಂಡದ್ದು ಪೇಟೆಯ ತರಬೇತಿ ಕೇಂದ್ರಗಳಲ್ಲಿ. ಟೈಪಿಂಗ್ ಜೂನಿಯರ್, ಸೀನಿಯರ್ ಪರೀಕ್ಷೆಗಳ ಜಾಗಕ್ಕೆ ಕಿಯೋನಿಕ್ಸ್‌ನಂಥ ಸಂಸ್ಥೆಗಳ ಆರು ತಿಂಗಳ ಕೋರ್ಸು ಬಂತು. ಹತ್ತು ಜನಕ್ಕೆ ನಾಲ್ಕು ಯಂತ್ರ, ಕರೆಂಟು ಹೋದರೆ ಆ ದಿನದ ಪಾಠ ಮುಗಿಯಿತು.

ಅದೇ 2001ರಲ್ಲಿ ಬೆಂಗಳೂರಿನಲ್ಲಿ ಒಂದು ದೊಡ್ಡ ಕನಸು ಬಯಲಿಗೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ನ ಮೊದಲ ಮಾದರಿ ಅದು. ಅಂಗೈಯಗಲದ ಯಂತ್ರ, ಲಿನಕ್ಸ್ ವ್ಯವಸ್ಥೆ. ಕೀಲಿಮಣೆ ಇಲ್ಲ, ಕಡ್ಡಿಯಿಂದ ಮುಟ್ಟಿದರೆ ಕೆಲಸ. ಓದು ಬರದವರಿಗೂ ಆಗಲಿ ಎಂದು ಹರಿಹರನ್ ‘ಧ್ವನಿ’ ಎಂಬ ತಂತ್ರಾಂಶ ಬರೆದರು. ಅದು ಹಿಂದಿಯ ಜೊತೆಗೆ ಕನ್ನಡವನ್ನೂ ಓದಿ ಹೇಳುತ್ತಿತ್ತು. ಒಂದು ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಲಿ, ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್‌ಕಾರ್ಡಿನಲ್ಲಿರಲಿ ಎಂಬುದು ಲೆಕ್ಕಾಚಾರ. ಅಮೆರಿಕದ ಪತ್ರಿಕೆಗಳು ಹೊಗಳಿದವು. 2004ರ ಮಾರ್ಚ್‌ನಲ್ಲಿ ಬಿಇಎಲ್ ಅದನ್ನು ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಆರಂಭದ ಬೆಲೆ ಸುಮಾರು 10 ಸಾವಿರ ರೂಪಾಯಿ.

ನಡೆಯಲಿಲ್ಲ. 50 ಸಾವಿರ ಮಾರುವ ಗುರಿಯಿತ್ತು, ಮಾರಾಟವಾದದ್ದು ನಾಲ್ಕು ಸಾವಿರದ ಆಸುಪಾಸು. ಕಾರಣಗಳನ್ನು ಹಲವರು ಹಲವು ರೀತಿ ಹೇಳಿದ್ದಾರೆ. ಕಾಲೇಜು ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಕಾರಣ ಒಂದೇ: ಅದರಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡಲು ಆಗುತ್ತಿರಲಿಲ್ಲ. ಅದು ಹಳ್ಳಿಯವರಿಗಾಗಿ ಪಟ್ಟಣದವರು ಕಲ್ಪಿಸಿಕೊಂಡ ಯಂತ್ರ. ಪಟ್ಟಣದ ಹುಡುಗ ಯಾವ ಯಂತ್ರದಲ್ಲಿ ಕಲಿಯುತ್ತಾನೋ ಅದೇ ಬೇಕೆಂಬುದು ಹಳ್ಳಿಯ ಹುಡುಗನ ಹಠವಾಗಿತ್ತು, ಮತ್ತು ಆ ಹಠ ಸರಿಯಾಗಿಯೇ ಇತ್ತು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಸಿಂಪ್ಯೂಟರ್ ಬಂದ ವರ್ಷಗಳಲ್ಲೇ ಜಗತ್ತಿನ ಕಾಫಿ ಬೆಲೆ ದಶಕಗಳ ಪಾತಾಳಕ್ಕೆ ಇಳಿದಿತ್ತು. ಕೊಡಗಿನಲ್ಲಿ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ ಎನ್ನುತ್ತಿದ್ದ ಕಾಲ ಅದು. ಹತ್ತು ಸಾವಿರವೂ ಆಗ ಅಗ್ಗವಲ್ಲ.

ಕೇಂದ್ರ ಸರ್ಕಾರದ ಪ್ರಯತ್ನಗಳ ಕತೆ ಇನ್ನೂ ಚಿಕ್ಕದು. 2009ರ ಫೆಬ್ರುವರಿಯಲ್ಲಿ ತಿರುಪತಿಯಲ್ಲಿ ‘ಹತ್ತು ಡಾಲರಿನ ಲ್ಯಾಪ್‌ಟಾಪ್’ ಬಿಡುಗಡೆ ಎಂದು ದೇಶವೆಲ್ಲ ಕಣ್ಣರಳಿಸಿತು. ಹೊರಬಂದದ್ದು ಮಾಹಿತಿ ತುಂಬಿಡುವ ಒಂದು ಪೆಟ್ಟಿಗೆ, ಲ್ಯಾಪ್‌ಟಾಪೇ ಅಲ್ಲ. 2011ರ ಅಕ್ಟೋಬರಿನಲ್ಲಿ ‘ಆಕಾಶ್’ ಟ್ಯಾಬ್ಲೆಟ್ ಬಂತು. ಸರ್ಕಾರ ಕೊಂಡ ಬೆಲೆ ಎರಡೂಕಾಲು ಸಾವಿರ ರೂಪಾಯಿಯ ಸುತ್ತಮುತ್ತ, 7 ಇಂಚಿನ ಪರದೆ, 256 ಎಂಬಿ ಮೆಮೊರಿ. ಒತ್ತಿ ಒತ್ತಿ ಮುಟ್ಟಿದರೆ ಮಾತ್ರ ಓಗೊಡುತ್ತಿತ್ತು.

ಅಗ್ಗದ ಯಂತ್ರ ನಿಜವಾಗಿ ಬಂದದ್ದು ಬೇರೆ ಬಾಗಿಲಿನಿಂದ. 1997ರಲ್ಲಿ ಭಾರತ ವಿಶ್ವ ವ್ಯಾಪಾರ ಸಂಘಟನೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿತು. 2005ರ ವೇಳೆಗೆ ಕಂಪ್ಯೂಟರುಗಳ ಮೇಲಿನ ಆಮದು ಸುಂಕ ಸೊನ್ನೆಗೆ ಇಳಿಯಿತು. ಅದೇ ವರ್ಷ ಎಚ್‌ಸಿಎಲ್ 10 ಸಾವಿರದೊಳಗಿನ ಡೆಸ್ಕ್‌ಟಾಪ್ ತಂದಿತು. ಅದಕ್ಕಿಂತ ಹೆಚ್ಚು ಓಡಿದ್ದು ಮಾತ್ರ ಬೆಂಗಳೂರಿನ ಎಸ್.ಪಿ. ರೋಡಿನ ‘ಅಸೆಂಬಲ್ಡ್’. ಟೌನ್‌ಹಾಲ್ ಬಳಿಯ ಆ ಇಕ್ಕಟ್ಟಾದ ರಸ್ತೆಯ ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್, ಎದುರಿನದರಲ್ಲಿ ಹಾರ್ಡ್ ಡಿಸ್ಕ್, ಇನ್ನೊಂದರಲ್ಲಿ ಕ್ಯಾಬಿನೆಟ್ ಕೊಂಡು, ಅಲ್ಲೇ ಜೋಡಿಸಿಕೊಂಡು, ರಾತ್ರಿ ಬಸ್ಸಿನಲ್ಲಿ ಹೊತ್ತು ತರುವ ಪದ್ಧತಿ. ಬ್ರ್ಯಾಂಡ್ ಹೆಸರಿಲ್ಲ, ಬಿಲ್ಲು ಕೇಳಿದರೆ ರೇಟು ಬೇರೆ.

ಬೆಂಗಳೂರಿನಲ್ಲಿ ಚೆನ್ನಾಗಿ ನಡೆದ ಆ ಪೆಟ್ಟಿಗೆ ಶ್ರೀಮಂಗಲದ ಮಳೆಗಾಲದಲ್ಲಿ ಸೋತಿತು. ಕೊಡಗಿನಲ್ಲಿ ಮಳೆಯನ್ನು ಇಂದಿಗೂ ಇಂಚಿನಲ್ಲೇ ಅಳೆಯುತ್ತಾರೆ. ಮರ ಬಿದ್ದು ಲೈನು ಹರಿದರೆ ಕರೆಂಟು ಬರಲು ಎರಡು ದಿನವಾಗಬಹುದು, ನಾಲ್ಕೂ ಆಗಬಹುದು. ಡೆಸ್ಕ್‌ಟಾಪ್ ಜೊತೆ ಬರುವ ಯುಪಿಎಸ್ ಹತ್ತು ಹದಿನೈದು ನಿಮಿಷ ಕೀರಲು ಸದ್ದು ಮಾಡಿ ಸುಮ್ಮನಾಗುತ್ತದೆ, ಅಷ್ಟರಲ್ಲಿ ಬರೆದದ್ದನ್ನು ಉಳಿಸಿಕೊಂಡರೆ ಪುಣ್ಯ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಟೆಲಿಫೋನ್ ತಂತಿಯ ಮೂಲಕ ಮೋಡೆಮ್ ಸುಟ್ಟುಹೋಗುವುದು ಮಾಮೂಲು. ಗುಡುಗು ಕೇಳಿದೊಡನೆ ಮನೆಯ ಹಿರಿಯರ ಮೊದಲ ಅಪ್ಪಣೆ, ಪ್ಲಗ್ ಕೀಳು. ಮಳೆ ಬಿಡದೆ ಸುರಿಯುವ ಕೊಡವರ ಕಕ್ಕಡ ತಿಂಗಳಿನಲ್ಲಿ ಚರ್ಮದ ಬೆಲ್ಟು, ಚಪ್ಪಲಿ, ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುವಂತೆ ಕ್ಯಾಬಿನೆಟ್ಟಿನ ಒಳಗೂ ತೇವ ಸೇರುತ್ತದೆ. ಹೊತ್ತು ತಿರುಗುವ ಅನುಕೂಲ ಲ್ಯಾಪ್‌ಟಾಪಿನ ಗುಣವೆಂದು ಪೇಟೆಯವರು ತಿಳಿದರು. ಮಲೆನಾಡಿನವರು ಕೊಂಡದ್ದು ಬ್ಯಾಟರಿಯನ್ನು. ಕತ್ತಲಲ್ಲಿ ಮೂರು ಗಂಟೆ ಓಡುವ ಯಂತ್ರ, ಸಿಡಿಲು ಬಂದಾಗ ತಂತಿ ಕಿತ್ತಿಟ್ಟರೂ ನಿಲ್ಲದ ಯಂತ್ರ. ಹಾಸ್ಟೆಲಿನಿಂದ ಬಸ್ಸಿನಲ್ಲಿ ಮನೆಗೆ ತರಬಹುದೆಂಬುದು ಎರಡನೆಯ ಲಾಭ.

2007ರ ಕೊನೆಗೆ ತೈವಾನಿನ ಏಸಸ್ ಕಂಪನಿ ‘ಈ ಪಿಸಿ’ ಎಂಬ 7 ಇಂಚಿನ ಪುಟ್ಟ ಲ್ಯಾಪ್‌ಟಾಪ್ ತಂದಾಗ ಬೆಲೆಯ ಗೋಡೆ ಮೊದಲ ಸಲ ಒಡೆಯಿತು. 2008ರ ಆರಂಭದಲ್ಲಿ ಎಚ್‌ಸಿಎಲ್ 14 ಸಾವಿರದೊಳಗೆ ‘ಮೈಲೀಪ್’ ಮಾರಿತು. ಈ ನೆಟ್‌ಬುಕ್‌ಗಳ ಕೀಲಿ ಎಷ್ಟು ಚಿಕ್ಕದೆಂದರೆ, ತೋಟದ ಕೆಲಸ ಮಾಡಿದ ಬೆರಳು ಒಂದು ಒತ್ತಲು ಹೋಗಿ ಎರಡು ಒತ್ತುತ್ತಿತ್ತು. ಕೆಲವೇ ವರ್ಷದಲ್ಲಿ ಅವು ಮಾಯವಾದವು. ಆದರೆ ದೊಡ್ಡ ಲ್ಯಾಪ್‌ಟಾಪುಗಳ ಬೆಲೆಯನ್ನು ಕೆಳಗೆಳೆದು ಹೋದವು. ಮುಂದಿನ ದಶಕದಲ್ಲಿ 25ರಿಂದ 30 ಸಾವಿರ ಎಂಬುದು ಕಾಲೇಜು ಲ್ಯಾಪ್‌ಟಾಪಿಗೆ ಒಪ್ಪಿತ ಬೆಲೆಯಾಯಿತು. ಇನ್ನೂ ಎರಡು ಮೂರು ಸಾವಿರ ಉಳಿಸಬೇಕಾದವರಿಗೆ ವಿಂಡೋಸ್ ಇಲ್ಲದ, ಬರೀ ಡಾಸ್ ಹಾಕಿದ ಮಾದರಿಗಳಿದ್ದವು. ಓಎಸ್ ನಾವು ಹಾಕಿಕೊಡುತ್ತೇವೆ ಎಂದು ಅಂಗಡಿಯವರು ತಣ್ಣಗೆ ಹೇಳುತ್ತಿದ್ದರು. ಅದು ಕಳ್ಳ ಪ್ರತಿ ಎಂಬುದು ಇಬ್ಬರಿಗೂ ಗೊತ್ತು. ಸೇನೆಯಲ್ಲಿದ್ದವರ ಮನೆಗಳೇ ತುಂಬಿದ ಕೊಡಗಿನಲ್ಲಿ ಇನ್ನೊಂದು ಪ್ರಶ್ನೆಯೂ ತಪ್ಪದೆ ಬರುತ್ತಿತ್ತು: ಮಿಲಿಟರಿ ಕ್ಯಾಂಟೀನಿನಲ್ಲಿ ಎಷ್ಟಂತೆ?

ರಾಜ್ಯ ಸರ್ಕಾರವೂ ಕೈಹಾಕಿತು. 2011ರಲ್ಲಿ ಜಯಲಲಿತಾ ತಮಿಳುನಾಡಿನಲ್ಲಿ ಉಚಿತ ಲ್ಯಾಪ್‌ಟಾಪ್ ಹಂಚಿಕೆ ಶುರುಮಾಡಿದ್ದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗಿದ್ದ ಯೋಜನೆಯನ್ನು 2017ರ ಬಜೆಟ್‌ನಲ್ಲಿ ಸಿದ್ದರಾಮಯ್ಯ ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ವಿಸ್ತರಿಸುವ ಘೋಷಣೆ ಮಾಡಿದರು. 2020ರ ಆರಂಭದಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದವರಿಗೆ ಲ್ಯಾಪ್‌ಟಾಪ್, 2021ರ ಜೂನ್‌ನಲ್ಲಿ ಸರ್ಕಾರಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಸಿಕ್ಕವು. ಕುಟ್ಟ, ಶ್ರೀಮಂಗಲದ ಸುತ್ತಿನ ಯರವ, ಜೇನುಕುರುಬ ಹಾಡಿಗಳಿಂದ, ತೋಟದ ಲೈನ್‌ಮನೆಗಳಿಂದ ಕಾಲೇಜು ಮೆಟ್ಟಿಲು ಹತ್ತಿದ ಕೆಲವೇ ಮಕ್ಕಳಿಗೆ ಇಂಥ ಯೋಜನೆಯ ಹೊರತು ಬೇರೆ ದಾರಿಯಿಲ್ಲ, ಅವರ ಮನೆಯಲ್ಲಿ ಮಾರಲು ಮೆಣಸಿನ ಚೀಲವಿಲ್ಲ. ಆದರೆ ಈ ಎರಡು ಹಂಚಿಕೆಗಳಲ್ಲೂ ಸರ್ಕಾರ ನೋಡಿದ್ದು ಕಾಲೇಜಿನ ಬೋರ್ಡನ್ನು. ಮನೆಗೆ ಹತ್ತಿರವೆಂದು ಖಾಸಗಿ ಕಾಲೇಜು ಸೇರಿದ ಕೂಲಿಯವನ ಮಗಳು ಪಟ್ಟಿಯಿಂದ ಹೊರಗೆ.

2020, 2021ರ ಲಾಕ್‌ಡೌನ್‌ಗಳಲ್ಲಿ ಎಲ್ಲ ಲೆಕ್ಕವೂ ಬುಡಮೇಲಾಯಿತು. ತರಗತಿಗಳು ಆನ್‌ಲೈನ್ ಆದವು, ಲ್ಯಾಪ್‌ಟಾಪ್‌ಗೆ ಬರ ಬಂತು, ಬೆಲೆ ಏರಿತು. ಯಂತ್ರ ಸಿಕ್ಕವರಿಗೂ ನೆಟ್‌ವರ್ಕ್ ಇರಲಿಲ್ಲ. ಕೊಡಗಿನ ಮುಳ್ಳೂರಿನ ಸರ್ಕಾರಿ ಶಾಲಾ ಶಿಕ್ಷಕರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿ ಪಾಠ ಮಾಡಿದರು. ಪಕ್ಕದ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಓದುವ ಮಗಳಿಗೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತ ಅಪ್ಪನ ಚಿತ್ರವನ್ನು ದೇಶವೇ ನೋಡಿತು. ಆ ವರ್ಷಗಳಲ್ಲಿ ರೊಬಸ್ಟಾ ಚೆರ್ರಿ 50 ಕಿಲೋ ಚೀಲಕ್ಕೆ ಮೂರೂವರೆ ಸಾವಿರದ ಆಸುಪಾಸು. 35 ಸಾವಿರದ ಲ್ಯಾಪ್‌ಟಾಪ್ ಎಂದರೆ ಹತ್ತು ಚೀಲ ಕಾಫಿ, ಸಾಧಾರಣ ತೋಟದ ಒಂದೆಕರೆ ಫಸಲಿನ ಅರ್ಧಕ್ಕೆ ಹತ್ತಿರ.

ಬಡವರ ಯಂತ್ರವೆಂದು ಯಾರೂ ಹೆಸರಿಡದ ಒಂದು ಯಂತ್ರ ಈ ಹೊತ್ತಿಗೆ ತಾನಾಗಿ ಹಳ್ಳಿ ತಲುಪಿತ್ತು. ಬೆಂಗಳೂರಿನ ಐಟಿ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ನೌಕರರ ಲ್ಯಾಪ್‌ಟಾಪ್ ಬದಲಿಸುತ್ತವೆ. ಹಳೆಯವು ಗಂಟುಗಟ್ಟಲೆ ವ್ಯಾಪಾರಿಗಳ ಕೈಸೇರಿ, ಒರೆಸಿ, ಹೊಸ ಎಸ್‌ಎಸ್‌ಡಿ ಹಾಕಿಸಿಕೊಂಡು, ‘ರಿಫರ್ಬಿಶ್ಡ್’ ಆಗಿ ಎಸ್.ಪಿ. ರೋಡಿಗೆ ಬರುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ನಂಥ ಕಚೇರಿ ಮಾದರಿಗಳು ಹೊಸದರ ಅರ್ಧಕ್ಕೂ ಕಡಿಮೆಗೆ ಸಿಗುತ್ತವೆ. ಇವುಗಳ ಬೆನ್ನು ಬಿಚ್ಚಿ ಮೆಮೊರಿ ಸೇರಿಸಬಹುದು, ಬಿಡಿಭಾಗ ಮೈಸೂರಿನಲ್ಲೂ ಸಿಗುತ್ತದೆ. ಸಿಂಪ್ಯೂಟರಿನಿಂದ ಆಕಾಶ್‌ವರೆಗೆ ಯಾವ ಯೋಜನೆಗೂ ಆಗದ್ದನ್ನು ಕಂಪನಿಗಳ ಕಸವೇ ಮಾಡಿತು. ಒಂದೇ ಎಚ್ಚರ: ವಿಂಡೋಸ್ 10ಕ್ಕೆ ಅದನ್ನು ತಯಾರಿಸಿದ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕಾದರೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಿಂದಿನವು ಈಗ ಬಲು ಅಗ್ಗವಾಗಿ ಬಿಕರಿಯಾಗುತ್ತಿವೆ. ಅವಕ್ಕೆ ಲಿನಕ್ಸ್ ಹಾಕಿಕೊಳ್ಳುವವರಷ್ಟೇ ಕೈಹಾಕಬೇಕು.

2024ರಲ್ಲಿ ರೊಬಸ್ಟಾ ಚೆರ್ರಿ ಚೀಲಕ್ಕೆ 10 ಸಾವಿರ ದಾಟಿದಾಗ ಲೆಕ್ಕ ಮತ್ತೆ ತಿರುಗಿತು. ಹತ್ತು ಚೀಲದ ಲ್ಯಾಪ್‌ಟಾಪ್ ಮೂರೂವರೆ ಚೀಲಕ್ಕೆ ಬಂತು. ಇದರಿಂದ ಹೊಸ ತೊಂದರೆಯೂ ಹುಟ್ಟಿತು. ಬಿಕಾಂ ಸೇರುವ ಹುಡುಗ ಎಂಬತ್ತು ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುತ್ತಾನೆ. ಅದರ ತೂಕ ಎರಡೂವರೆ ಕಿಲೋ, ಬ್ಯಾಟರಿ ಎರಡು ಗಂಟೆ. ಅವನಿಗೆ ಬೇಕಿದ್ದದ್ದು ಎಕ್ಸೆಲ್ ಮತ್ತು ಟ್ಯಾಲಿ. ಅತ್ತ ಎಂಜಿನಿಯರಿಂಗ್ ಸೇರುವವಳಿಗೆ ಸಿಇಟಿ ಸೀಟು ಹಂಚಿಕೆ ಮುಗಿಯುವವರೆಗೆ ಮೆಕ್ಯಾನಿಕಲ್ಲೋ ಕಂಪ್ಯೂಟರ್ ಸೈನ್ಸೋ ತಿಳಿಯದು, ಯಂತ್ರ ಮಾತ್ರ ಜೂನ್ ಆಫರಿನಲ್ಲೇ ಬಂದು ಕೂತಿರುತ್ತದೆ.

2025ರ ನವೆಂಬರಿನಲ್ಲಿ ಕಿಯೋನಿಕ್ಸ್ ಬೆಂಗಳೂರಿನ ಟೆಕ್ ಶೃಂಗದಲ್ಲಿ ‘ಕಿಯೋ’ ಎಂಬ ಅಗ್ಗದ ಕಂಪ್ಯೂಟರ್ ತೋರಿಸಿತು. ಲಿನಕ್ಸ್ ವ್ಯವಸ್ಥೆ, ರಿಸ್ಕ್-ಫೈವ್ ಪ್ರೊಸೆಸರ್, ಬೆಲೆ 19 ಸಾವಿರದೊಳಗೆ. ಅದು ಮೇಜಿನ ಮೇಲಿಡುವ ಪೆಟ್ಟಿಗೆ. ಶ್ರೀಮಂಗಲದ ಜುಲೈಗೆ ಅದರ ಜೊತೆ ಪರದೆಯೂ ಬೇಕು, ಇನ್ವರ್ಟರೂ ಬೇಕು.

ಹೊಸ ಯೋಜನೆ ಬರಲಿ, ಬೇಡವೆನ್ನುವವರಿಲ್ಲ. ಆದರೆ ಕಾಸಿನ ಖರ್ಚಿಲ್ಲದೆ ಈ ಜೂನ್‌ನಿಂದಲೇ ಆಗಬಹುದಾದ ಕೆಲಸವೊಂದಿದೆ. ಪ್ರವೇಶದ ಅರ್ಜಿಯ ಜೊತೆ ಪ್ರತಿ ಕಾಲೇಜೂ ಅರ್ಧ ಪುಟದ ಪಟ್ಟಿ ಕೊಡಲಿ: ಯಾವ ಕೋರ್ಸಿಗೆ ಎಂಥ ಯಂತ್ರ ಸಾಕು, ಯಾವ ತಂತ್ರಾಂಶ ಬೇಕೇಬೇಕು, ಮೊದಲ ಸೆಮಿಸ್ಟರನ್ನು ಕಾಲೇಜಿನ ಲ್ಯಾಬಿನಲ್ಲೇ ಮುಗಿಸಬಹುದೇ ಎಂದು. ಮುಗಿಸಬಹುದಾದರೆ ಶ್ರೀಮಂಗಲದ ಮನೆಗಳು ಜೂನ್‌ನಲ್ಲಿ ಸಾಲ ಮಾಡದೆ, ಮುಂದಿನ ಕೊಯ್ಲಿನ ದುಡ್ಡು ಬಂದ ಮೇಲೆ ನಿಧಾನವಾಗಿ ನೋಡಿ ಕೊಳ್ಳುತ್ತವೆ.