ಕಂಪನಿಗೆ ಲಾಭ ಬಂತು ಅಂತಾರೆ, ಕೈಯಲ್ಲಿ ದುಡ್ಡು ಉಳೀತಾ? ನೋಡೋದು ಹೀಗೆ

ನಂಜನಗೂಡು: ಮೊಬೈಲ್‌ನಲ್ಲೇ ಡಿಮ್ಯಾಟ್ ಖಾತೆ ಬಂದ ಮೇಲೆ ಅಂಗಡಿ ಗಲ್ಲಾದಲ್ಲಿ ಕೂತವರೂ ಷೇರು ನೋಡ್ತಿದ್ದಾರೆ. 'ನಮ್ಮೂರ ಕಂಪನಿ' ಅಂತ ಹಣ ಹಾಕೋ ಮೊದಲು ಒಂದು ಲೆಕ್ಕ ತಿಳಿದಿರಲಿ. ಅದೇ ಫ್ರೀ ಕ್ಯಾಶ್ ಫ್ಲೋ.

ನಮ್ಮಲ್ಲಿ ಯಾವ ಕಂಪನಿ?
ಚಿಕ್ಕಯ್ಯನಛತ್ರದ ಸೌತ್ ಇಂಡಿಯಾ ಪೇಪರ್ ಮಿಲ್ಸ್ 1959ರಲ್ಲಿ ಸ್ಥಾಪನೆಯಾದದ್ದು. ರದ್ದಿ ಕಾಗದದಿಂದ ಕ್ರಾಫ್ಟ್ ಪೇಪರ್, ರಟ್ಟಿನ ಬಾಕ್ಸ್ ಮಾಡುತ್ತೆ. ಷೇರು ಬಿಎಸ್‌ಇಯಲ್ಲಿದೆ. ಅಳಗಂಚಿ ಸಕ್ಕರೆ ಕಾರ್ಖಾನೆ ನಡೆಸೋ ಕೊಯಮತ್ತೂರಿನ ಬಣ್ಣಾರಿ ಅಮ್ಮನ್ ಶುಗರ್ಸ್ ಕೂಡ ಷೇರುಪೇಟೆಯಲ್ಲಿದೆ. ತಿ. ನರಸೀಪುರದ ರೇಷ್ಮೆ ಫಿಲೇಚರ್ ಕೆಎಸ್‌ಐಸಿಯದ್ದು, ಅಂದ್ರೆ ಸರ್ಕಾರದ್ದು. ಅದರ ಷೇರು ಪೇಟೆಯಲ್ಲಿ ಸಿಗಲ್ಲ.

ಅಂಗಡಿ ಲೆಕ್ಕದಲ್ಲಿ ಹೇಳೋದಾದ್ರೆ
ಉದಾಹರಣೆಗೆ, ಕಿರಾಣಿ ಅಂಗಡಿಯಲ್ಲಿ ವರ್ಷಕ್ಕೆ 3 ಲಕ್ಷ ರೂ. ಲಾಭ ಅಂತ ಪುಸ್ತಕ ಹೇಳುತ್ತೆ. ಅದರಲ್ಲಿ 1.20 ಲಕ್ಷ ಉದ್ರಿ, ಇನ್ನೂ ವಸೂಲಾಗಿಲ್ಲ. ಕೈಗೆ ಬಂದದ್ದು 1.80 ಲಕ್ಷ. ಹೊಸ ಫ್ರಿಜ್‌ಗೆ 80 ಸಾವಿರ ಹೋಯ್ತು. ಉಳಿದ 1 ಲಕ್ಷವೇ ಫ್ರೀ ಕ್ಯಾಶ್ ಫ್ಲೋ. ಸಾಲ ತೀರಿಸೋದು, ಡಿವಿಡೆಂಡ್ ಕೊಡೋದು ಇದರಿಂದಲೇ ಆಗಬೇಕು.

ಎಲ್ಲಿ ಸಿಗುತ್ತೆ?
ಮಾರ್ಚ್ 31ಕ್ಕೆ ವರ್ಷ ಮುಗಿದು 60 ದಿನದೊಳಗೆ ಕಂಪನಿಗಳು ವಾರ್ಷಿಕ ಫಲಿತಾಂಶ ಕೊಡಬೇಕು. ಬಿಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿ ಹೆಸರು ಹಾಕಿದ್ರೆ ಪುಕ್ಕಟೆ ಸಿಗುತ್ತೆ. ಅದರಲ್ಲಿ 'ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್' ತೆಗೀರಿ. ಆಪರೇಟಿಂಗ್ ಅಂದ್ರೆ ವ್ಯಾಪಾರದಿಂದ ಬಂದ ನಗದು. ಅದರಲ್ಲಿ ಜಾಗ, ಕಟ್ಟಡ, ಮೆಷಿನ್ ಖರೀದಿಯ ಮೊತ್ತ ಕಳೀರಿ.

ಒಂದು ವರ್ಷ ಮೈನಸ್ ಬಂತು ಅಂತ ಗಾಬರಿ ಬೇಡ. ಪೇಪರ್ ಮಿಲ್ ಹೊಸ ಮೆಷಿನ್ ಹಾಕಿದ ವರ್ಷ ದುಡ್ಡು ಹೋಗೋದು ಸಹಜ. ಆಮೇಲಿನ ವರ್ಷಗಳಲ್ಲಿ ವ್ಯಾಪಾರದ ನಗದು ಏರಿತಾ ನೋಡಿ. ಐದು ವರ್ಷ ಸೇರಿಸಿದ್ರೂ ಮೈನಸ್, ಜೊತೆಗೆ ಸಾಲ ಏರ್ತಿದೆ ಅಂದ್ರೆ ಯೋಚನೆ ಮಾಡಬೇಕು.

ಸಕ್ಕರೆಯದ್ದು ಬೇರೆ ಕತೆ. ಅರೆಯೋದು ಕೆಲವು ತಿಂಗಳು, ಮಾರೋದು ವರ್ಷಪೂರ್ತಿ. ಹೀಗಾಗಿ ಮಾರ್ಚ್ ಕೊನೆಗೆ ಗೋಡೌನ್ ತುಂಬಿದ್ರೆ ನಗದು ಅಲ್ಲಿ ಸಿಕ್ಕಿಕೊಂಡಿರುತ್ತೆ.

ಬಾಕಿ ಉಳಿಸಿದ್ರೂ ನಗದು ಹೆಚ್ಚು ಕಾಣುತ್ತೆ!
ಇದು ಮುಖ್ಯ. ಮಾಲು ಕೊಟ್ಟವರಿಗೆ ದುಡ್ಡು ತಡಮಾಡಿದ್ರೆ ಆ ವರ್ಷ ಕಂಪನಿಯ ಕೈಯಲ್ಲಿ ನಗದು ಜಾಸ್ತಿ ಕಾಣುತ್ತೆ. ಅದಕ್ಕೇ 'ಟ್ರೇಡ್ ಪೇಯಬಲ್ಸ್' ಸಾಲನ್ನೂ ನೋಡಿ. ಹೋದ ವರ್ಷಕ್ಕಿಂತ ಅದು ದಿಢೀರ್ ಏರಿದ್ರೆ, ಆ ನಗದು ಬೇರೆಯವರಿಗೆ ಕೊಡಬೇಕಾದದ್ದು.

ಇದು ಷೇರು ಇಲ್ಲದವರಿಗೂ ಸಂಬಂಧಪಟ್ಟದ್ದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಹಣ ಕೊಡಬೇಕು, ತಡವಾದ್ರೆ ವರ್ಷಕ್ಕೆ ಶೇ 15ರ ಬಡ್ಡಿ. ಉದ್ಯಮ್ ನೋಂದಣಿ ಇರೋ ಸಣ್ಣ ತಯಾರಿಕಾ, ಸೇವಾ ಘಟಕಗಳಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಹೆಚ್ಚೆಂದ್ರೆ 45 ದಿನ. ಇಂಥ ಘಟಕಗಳ ಬಾಕಿ ಎಷ್ಟು ಅಂತ ಕಂಪನಿ ವಾರ್ಷಿಕ ವರದಿಯಲ್ಲಿ ಪ್ರತ್ಯೇಕವಾಗಿ ತೋರಿಸಲೇಬೇಕು.

ಈ ಲೇಖನ ಯಾವ ಷೇರನ್ನೂ ಕೊಳ್ಳಿ, ಮಾರಿ ಅಂತ ಹೇಳ್ತಿಲ್ಲ. ಹಣ ಹಾಕೋ ಮೊದಲು, ದೊಡ್ಡ ಮೊತ್ತದ ಮಾಲು ಉದ್ರಿ ಕೊಡೋ ಮೊದಲು ಈ ಎರಡು ಸಾಲು ಓದಿಕೊಳ್ಳಿ.