ಗೌರಾಮಿ ಮೀನುಗಳು: ಗಂಡು-ಹೆಣ್ಣು ಗುರುತಿಸುವ ಬಗೆ, ಅಕ್ವೇರಿಯಂನಲ್ಲಿ ಪಾಲನೆ

ಅಲಂಕಾರಿಕ ಮೀನುಗಳ ಅಂಗಡಿಗಳಲ್ಲಿ ‘ಒಂದು ಜೋಡಿ’ ಎಂದು ಕಟ್ಟಿಕೊಡುವ ಗೌರಾಮಿಗಳು ಅನೇಕ ವೇಳೆ ಜೋಡಿಯೇ ಆಗಿರುವುದಿಲ್ಲ, ಎರಡೂ ಗಂಡುಗಳಾಗಿರುತ್ತವೆ. ಮನೆಗೆ ತಂದ ಮೊದಲ ಕೆಲವು ದಿನ ಅವು ಶಾಂತವಾಗಿ ಈಜುತ್ತವೆ. ತೊಟ್ಟಿಗೆ ಹೊಂದಿಕೊಂಡ ನಂತರ ಬಲಶಾಲಿಯಾದ ಮೀನು ಮತ್ತೊಂದನ್ನು ಮೂಲೆಯಿಂದ ಮೂಲೆಗೆ ಅಟ್ಟಲಾರಂಭಿಸುತ್ತದೆ. ರೆಕ್ಕೆ ಹರಿದು, ಆಹಾರ ಬಿಟ್ಟು, ಗಿಡಗಳ ಮರೆಯಲ್ಲಿ ಅಡಗುವ ಮೀನು ಕ್ರಮೇಣ ಸೊರಗಿ ಸಾಯುತ್ತದೆ. ಇಂತಹ ಸಾವಿಗೆ ನೀರನ್ನೋ ಆಹಾರವನ್ನೋ ದೂರುವುದು ರೂಢಿ. ಆದರೆ ನಿಜವಾದ ಕಾರಣ ಕೊಳ್ಳುವ ಹೊತ್ತಿನಲ್ಲೇ ಇರುತ್ತದೆ. ಆದ್ದರಿಂದ ಗಂಡು-ಹೆಣ್ಣಿನ ಗುರುತು ಮರಿ ಮಾಡಿಸುವವರಿಗಷ್ಟೇ ಬೇಕಾದ ವಿಷಯವಲ್ಲ. ಅದು ಗೌರಾಮಿ ಪಾಲನೆಯ ಮೊದಲ ಪಾಠ.

ಗಾಳಿ ಉಸಿರಾಡುವ ಮೀನು

ಗೌರಾಮಿಗಳು ಏಷ್ಯಾ ಖಂಡದ ಸಿಹಿನೀರಿನ ಮೀನುಗಳು. ಭಾರತ ಉಪಖಂಡದಿಂದ ಇಂಡೋನೇಷ್ಯಾದವರೆಗಿನ ಭತ್ತದ ಗದ್ದೆ, ಜೌಗು, ಹೊಂಡ ಹಾಗೂ ನಿಧಾನವಾಗಿ ಹರಿಯುವ ಕಾಲುವೆಗಳು ಇವುಗಳ ನೆಲೆ. ಇಂತಹ ನೀರಿನಲ್ಲಿ ಆಮ್ಲಜನಕ ಕಡಿಮೆ. ಹೀಗಾಗಿ ಕಿವಿರುಗಳ ಜೊತೆಗೆ, ತಲೆಯೊಳಗೆ ಕಿವಿರಿನ ಮೇಲ್ಭಾಗದಲ್ಲಿ ‘ಲ್ಯಾಬಿರಿಂತ್’ ಎಂಬ ಮಡಿಕೆ ಮಡಿಕೆಯಾದ ಅಂಗವೊಂದು ಇವುಗಳಿಗಿದೆ. ಮೀನು ಆಗಾಗ ಮೇಲ್ಮೈಗೆ ಬಂದು ನುಂಗುವ ಗಾಳಿಯಿಂದ ಈ ಅಂಗ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಎದೆಯ ಕೆಳಗಿನ ಎರಡು ಉದ್ದನೆಯ ಎಳೆಗಳು ವಾಸ್ತವವಾಗಿ ರೂಪಾಂತರಗೊಂಡ ಈಜುರೆಕ್ಕೆಗಳು. ಇವುಗಳ ಮೂಲಕ ಮೀನು ಸುತ್ತಲಿನ ವಸ್ತುಗಳನ್ನು ತಡವಿ ನೋಡುತ್ತದೆ.

ಮಾರುಕಟ್ಟೆಯಲ್ಲಿ ಅತಿ ಜನಪ್ರಿಯವಾದ ಕುಬ್ಜ ಗೌರಾಮಿ ಮತ್ತು ಜೇನು ಗೌರಾಮಿ ಭಾರತ ಉಪಖಂಡದವೇ. ಇವೆರಡನ್ನೂ 1822ರಲ್ಲಿ, ಗಂಗಾನದಿಯ ಮೀನುಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಮೊದಲ ಬಾರಿಗೆ ವಿವರಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನನ ಪತನಾನಂತರ 1800-01ರಲ್ಲಿ ಮೈಸೂರು ಮತ್ತು ಕೆನರಾ ಸೀಮೆಗಳಲ್ಲಿ ಸಂಚರಿಸಿ ವಿವರವಾದ ವರದಿ ಬರೆದ ಬುಕಾನನ್ ಇವರೇ.

ಹಳೆಯ ಪುಸ್ತಕಗಳನ್ನು ನೋಡುವವರಿಗೆ ಹೆಸರುಗಳ ಗೊಂದಲ ಉಂಟಾಗಬಹುದು. ಅವುಗಳಲ್ಲಿ ‘ಕೊಲೈಸ’ ಎಂದಿರುವ ಕುಬ್ಜ ಗೌರಾಮಿಯ ಕುಲಕ್ಕೆ ಈಗ ‘ಟ್ರೈಕೋಗ್ಯಾಸ್ಟರ್’ ಎಂದೂ, ‘ಟ್ರೈಕೋಗ್ಯಾಸ್ಟರ್’ ಎಂದಿರುವ ನೀಲಿ ಮತ್ತು ಮುತ್ತಿನ ಗೌರಾಮಿಗಳ ಕುಲಕ್ಕೆ ‘ಟ್ರೈಕೋಪೋಡಸ್’ ಎಂದೂ ಹೆಸರು.

ಬೆನ್ನಿನ ರೆಕ್ಕೆಯೇ ಮುಖ್ಯ ಗುರುತು

ಬಹುತೇಕ ಗೌರಾಮಿಗಳಲ್ಲಿ ಗಂಡಿನ ಬೆನ್ನಿನ ಈಜುರೆಕ್ಕೆ ಉದ್ದವಾಗಿದ್ದು, ಹಿಂದಕ್ಕೆ ಚಾಚಿ ಚೂಪಾಗಿ ಕೊನೆಗೊಳ್ಳುತ್ತದೆ. ಹೆಣ್ಣಿನ ರೆಕ್ಕೆ ಗಿಡ್ಡ. ಅದರ ತುದಿ ದುಂಡು. ಇದರೊಂದಿಗೆ ಆಯಾ ಪ್ರಭೇದದ ಬಣ್ಣದ ಗುರುತುಗಳನ್ನೂ ಗಮನಿಸಬೇಕಾಗುತ್ತದೆ.

ನೀಲಿ ಅಥವಾ ಮೂರು ಚುಕ್ಕೆ ಗೌರಾಮಿ: ಮೈಮೇಲೆ ಎರಡು ಚುಕ್ಕೆಗಳು, ಕಣ್ಣೇ ಮೂರನೆಯದು. ಚಿನ್ನದ ಬಣ್ಣದ ಗೌರಾಮಿ ಮತ್ತು ಓಪಲೈನ್ ಗೌರಾಮಿ ಇದೇ ಪ್ರಭೇದದ ತಳಿಗಳು. ಗಂಡು-ಹೆಣ್ಣಿನ ಬಣ್ಣದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲದ ಕಾರಣ ಬೆನ್ನಿನ ರೆಕ್ಕೆಯನ್ನೇ ನಂಬಬೇಕು. ಗಂಡಿನಲ್ಲಿ ಅದರ ತುದಿ ಬಾಲದ ಬುಡದವರೆಗೆ ಚಾಚುತ್ತದೆ. ಹೆಣ್ಣಿನಲ್ಲಿ ಅಷ್ಟು ದೂರ ಬರುವುದಿಲ್ಲ.

ಮುತ್ತಿನ ಗೌರಾಮಿ: ಬೆಳೆದ ಗಂಡಿನ ಗಂಟಲು ಮತ್ತು ಎದೆ ಕಿತ್ತಳೆ-ಕೆಂಪು. ಹೆಣ್ಣಿನ ಗಂಟಲು ಬೆಳ್ಳಿಯಂತೆ ಬಿಳುಪು.

ಕುಬ್ಜ ಗೌರಾಮಿ: ಕೆಂಪು ಮೈಮೇಲೆ ಹೊಳೆಯುವ ನೀಲಿ ಓರೆಪಟ್ಟೆಗಳಿದ್ದರೆ ಗಂಡು, ಹೆಣ್ಣು ಮಸುಕು ಬೂದು-ಬೆಳ್ಳಿ ಬಣ್ಣದ್ದು. ಕಡು ಕೆಂಪು ಮತ್ತು ತಿಳಿನೀಲಿ ತಳಿಗಳಲ್ಲಿ ಅಂಗಡಿಗೆ ಬರುವ ಹೊಳಪಿನ ಮೀನುಗಳೆಲ್ಲ ಹೆಚ್ಚಾಗಿ ಗಂಡುಗಳೇ. ಮಂಕಾದ ಹೆಣ್ಣಿಗೆ ಗಿರಾಕಿ ಕಡಿಮೆ. ‘ಜೋಡಿ’ಯ ಹೆಸರಿನಲ್ಲಿ ಎರಡು ಗಂಡು ಮನೆ ಸೇರುವುದು ಈ ಪ್ರಭೇದದಲ್ಲೇ ಹೆಚ್ಚು.

ಜೇನು ಗೌರಾಮಿ: ಸಂತಾನಕಾಲದಲ್ಲಿ ಗಂಡಿನ ಮೈ ಜೇನಿನ ಬಣ್ಣಕ್ಕೆ ತಿರುಗಿ, ಗಂಟಲಿನಿಂದ ಹೊಟ್ಟೆಯವರೆಗೆ ಕಪ್ಪು-ನೀಲಿ ಛಾಯೆ ಮೂಡುತ್ತದೆ. ಹೆಣ್ಣಿನ ಪಕ್ಕದಲ್ಲಿ ಉದ್ದಕ್ಕೂ ಕಂದು ಗೆರೆ ಇರುತ್ತದೆ. ಬಣ್ಣ ತುಂಬದ ಗಂಡುಗಳಲ್ಲೂ ಈ ಗೆರೆ ಕಾಣುವುದರಿಂದ ಎಚ್ಚರ ಅಗತ್ಯ.

ಬೆಳದಿಂಗಳ ಗೌರಾಮಿ: ಎದೆಯ ಎಳೆಗಳು ಗಂಡಿನಲ್ಲಿ ಕಿತ್ತಳೆ ಅಥವಾ ಕೆಂಪು, ಹೆಣ್ಣಿನಲ್ಲಿ ಬಣ್ಣರಹಿತ ಅಥವಾ ನಸುಹಳದಿ.

ಚುಂಬಿಸುವ ಗೌರಾಮಿ: ಇದು ಬೇರೆ ಕುಟುಂಬದ ಮೀನು. ಹೊರನೋಟದಿಂದ ಗಂಡು-ಹೆಣ್ಣು ತಿಳಿಯುವುದು ಬಹುತೇಕ ಅಸಾಧ್ಯ. ತುಟಿಗೆ ತುಟಿ ಒತ್ತುವುದು ಪ್ರೇಮದ ಲಕ್ಷಣವೆಂಬ ನಂಬಿಕೆಯಿದೆ. ಆದರೆ ಗಂಡುಗಳು ಪರಸ್ಪರ ಬಲ ಪರೀಕ್ಷಿಸುವಾಗಲೂ ಹೀಗೆಯೇ ಮಾಡುತ್ತವೆ.

ತಪ್ಪಾಗುವುದು ಎಲ್ಲಿ?

ಎಳೆಯ ಮೀನುಗಳಲ್ಲಿ ಈ ಯಾವ ಗುರುತೂ ಸ್ಪಷ್ಟವಾಗಿರುವುದಿಲ್ಲ. ಎರಡು ಅಂಗುಲಕ್ಕಿಂತ ಚಿಕ್ಕದಾದ ನೀಲಿ ಅಥವಾ ಮುತ್ತಿನ ಗೌರಾಮಿಯನ್ನು ಗಂಡು ಅಥವಾ ಹೆಣ್ಣು ಎಂದು ಖಚಿತವಾಗಿ ಹೇಳಲಾಗದು. ಬೇರೆ ಮೀನು ಕಚ್ಚಿ ತುಂಡಾದ ರೆಕ್ಕೆ ಗಂಡನ್ನೂ ಹೆಣ್ಣಿನಂತೆ ತೋರಿಸುತ್ತದೆ. ಉಬ್ಬಿದ ಹೊಟ್ಟೆ ಮೊಟ್ಟೆಯಿಂದಲೇ ಆಗಿರಬೇಕೆಂದಿಲ್ಲ. ಅತಿಯಾದ ಆಹಾರದಿಂದಲೂ ಕಾಯಿಲೆಯಿಂದಲೂ ಹೊಟ್ಟೆ ಉಬ್ಬುತ್ತದೆ. ಪಾಲಿಥಿನ್ ಚೀಲದೊಳಗೆ ಹೆದರಿ ರೆಕ್ಕೆ ಮಡಚಿಕೊಂಡ ಮೀನನ್ನು ನೋಡಿ ನಿರ್ಧರಿಸುವುದು ಸರಿಯಲ್ಲ. ಅಂಗಡಿಯ ತೊಟ್ಟಿಯಲ್ಲೇ, ಹಲವು ಮೀನುಗಳು ಒಟ್ಟಿಗೆ ಈಜುವಾಗ, ರೆಕ್ಕೆ ಬಿಚ್ಚಿದ ಕ್ಷಣದಲ್ಲಿ ಪಕ್ಕದಿಂದ ನೋಡಿ ಹೋಲಿಸುವುದೇ ಉತ್ತಮ ವಿಧಾನ.

ಒಂದು ತೊಟ್ಟಿಗೆ ಒಂದು ಗಂಡು, ಎರಡು ಅಥವಾ ಮೂರು ಹೆಣ್ಣು ಎಂಬುದು ಸುರಕ್ಷಿತ ಲೆಕ್ಕ. ಒಂದೇ ಹೆಣ್ಣಿದ್ದರೆ ಗಂಡಿನ ಕಾಟವೆಲ್ಲ ಅದರ ಮೇಲೆಯೇ ಬೀಳುತ್ತದೆ. ಹೆಣ್ಣು ದೊರೆಯದಿದ್ದರೆ ಒಂದೇ ಗಂಡನ್ನು ಸಾಕುವುದು ಎರಡು ಗಂಡುಗಳನ್ನು ಸಾಕುವುದಕ್ಕಿಂತ ಮೇಲು. ಜೇನು ಗೌರಾಮಿ ಮತ್ತು ಮುತ್ತಿನ ಗೌರಾಮಿ ಇವುಗಳಲ್ಲಿ ಹೆಚ್ಚು ಸಾಧು ಸ್ವಭಾವದವು.

ತೊಟ್ಟಿ ಮತ್ತು ನೀರು

ಕುಬ್ಜ ಹಾಗೂ ಜೇನು ಗೌರಾಮಿಗಳಿಗೆ 2 ಅಡಿ ಉದ್ದದ, ಸುಮಾರು 55 ಲೀಟರ್ ಹಿಡಿಯುವ ತೊಟ್ಟಿ ಸಾಕು. ನೀಲಿ ಗೌರಾಮಿ 15 ಸೆಂ.ಮೀ. ವರೆಗೂ, ಮುತ್ತಿನ ಗೌರಾಮಿ 12 ಸೆಂ.ಮೀ. ವರೆಗೂ ಬೆಳೆಯುವುದರಿಂದ 3 ಅಡಿ ಉದ್ದದ, 100 ಲೀಟರಿನ ತೊಟ್ಟಿ ಬೇಕು. ಅಂಗಡಿಯಲ್ಲಿ ಪುಟ್ಟದಾಗಿ ಕಾಣುವ ದೈತ್ಯ ಗೌರಾಮಿ ಅರ್ಧ ಮೀಟರಿಗೂ ಮೀರಿ ಬೆಳೆಯುತ್ತದೆ. ಅದು ಮನೆಯ ತೊಟ್ಟಿಗೆ ತಕ್ಕುದಲ್ಲ. ಗಾಳಿ ಉಸಿರಾಡುವ ಮೀನೆಂಬ ಕಾರಣಕ್ಕೆ ಗೌರಾಮಿಯನ್ನು ಗಾಜಿನ ಬೋಗುಣಿಯಲ್ಲಿ ಇಡುವುದು ತಪ್ಪು. ಲ್ಯಾಬಿರಿಂತ್ ಅಂಗ ಆಮ್ಲಜನಕದ ಕೊರತೆಯನ್ನು ತುಂಬಬಲ್ಲದೇ ಹೊರತು, ಮೀನಿನ ಮಲದಿಂದ ನೀರಿಗೆ ಸೇರುವ ಅಮೋನಿಯಾದಿಂದ ಕಾಪಾಡಲಾರದು.

ನೀರಿನ ಮಟ್ಟ ಮತ್ತು ಮುಚ್ಚಳದ ನಡುವೆ ಒಂದೆರಡು ಅಂಗುಲ ಜಾಗ ಬಿಡಬೇಕು. ಮುಚ್ಚಳವಿದ್ದರೆ ಮೀನು ನುಂಗುವ ಗಾಳಿ ಬೆಚ್ಚಗೆ ಉಳಿಯುತ್ತದೆ. ನೀರಿನ ತಾಪಮಾನ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಕರಾವಳಿಯಲ್ಲಿ ಹೀಟರ್ ಬೇಕೆನಿಸುವುದು ಅಪರೂಪ. ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಲೀಟರಿಗೆ ಒಂದು ವಾಟ್ ಲೆಕ್ಕದಲ್ಲಿ ಹೀಟರ್ ಅಳವಡಿಸುವುದು ಒಳಿತು. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಕಿವಿರುಗಳನ್ನು ಸುಡುವುದರಿಂದ ಕ್ಲೋರಿನ್ ನಿವಾರಕ ದ್ರಾವಣ ಬಳಸಬೇಕು.

ಫಿಲ್ಟರಿನ ಹರಿವು ಮೆಲ್ಲಗಿರಲಿ. ರಭಸದ ನೀರು ಗೌರಾಮಿಗೆ ಒಗ್ಗದು. ತೇಲುವ ಗಿಡಗಳು ಹಾಗೂ ಹಿಂಬದಿಯಲ್ಲಿ ದಟ್ಟವಾಗಿ ನೆಟ್ಟ ಗಿಡಗಳು ದುರ್ಬಲ ಮೀನಿಗೆ ಆಸರೆಯಾಗುತ್ತವೆ. ಪ್ರತಿವಾರ ನಾಲ್ಕನೇ ಒಂದು ಭಾಗದಷ್ಟು ನೀರು ಬದಲಿಸಬೇಕು. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ಪರಿವರ್ತಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಕ್ಕೆ ಮುನ್ನ ಮೀನು ತುಂಬಿಸುವುದು ಅಪಾಯಕರ.

ಆಹಾರ ಮತ್ತು ಸಂಗಡಿಗರು

ಗೌರಾಮಿಗಳು ಸರ್ವಭಕ್ಷಕ ಮೀನುಗಳು. ತೇಲುವ ಚೂರು ಆಹಾರ ಮತ್ತು ಸಣ್ಣ ಗುಳಿಗೆಗಳೊಂದಿಗೆ ವಾರಕ್ಕೆ ಒಂದೆರಡು ಬಾರಿ ಕೆಂಪುಹುಳು ಅಥವಾ ಡ್ಯಾಫ್ನಿಯಾ ನೀಡಬಹುದು. ದಿನಕ್ಕೆ ಎರಡು ಹೊತ್ತು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಕೋರಿಡೋರಸ್, ರಾಸ್ಬೋರಾ ಮತ್ತು ಸಾಧು ಸ್ವಭಾವದ ಟೆಟ್ರಾಗಳು ಒಳ್ಳೆಯ ಸಂಗಡಿಗರು. ರೆಕ್ಕೆ ಕಚ್ಚುವ ಟೈಗರ್ ಬಾರ್ಬ್ ಹಾಗೂ ಕಾದಾಟಕ್ಕಿಳಿಯುವ ಫೈಟರ್ ಮೀನು ಸಲ್ಲವು.

ಗುಳ್ಳೆಗೂಡು ಮತ್ತು ಮರಿಗಳು

ಗಂಡು ಮೇಲ್ಮೈಯಲ್ಲಿ ಗಾಳಿಗುಳ್ಳೆಗಳ ಗೂಡು ಕಟ್ಟುತ್ತದೆ. ಕುಬ್ಜ ಗೌರಾಮಿ ಅದಕ್ಕೆ ಗಿಡದ ಚೂರುಗಳನ್ನೂ ಸೇರಿಸುತ್ತದೆ. ಗೂಡಿನ ಕೆಳಗೆ ಹೆಣ್ಣನ್ನು ಮೈಯಿಂದ ಸುತ್ತಿಕೊಂಡಾಗ ಹೊರಬೀಳುವ ನೂರಾರು ಮೊಟ್ಟೆಗಳು ತೇಲಿ ಗೂಡು ಸೇರುತ್ತವೆ. ಅಲ್ಲಿಂದ ಮುಂದೆ ಕಾವಲು ಗಂಡಿನದು. ಆಗ ಅದು ಹೆಣ್ಣನ್ನೂ ಶತ್ರುವೆಂದೇ ಎಣಿಸುವುದರಿಂದ ಹೆಣ್ಣನ್ನು ಕೂಡಲೇ ಬೇರ್ಪಡಿಸಬೇಕು. ಮೊಟ್ಟೆಗಳು ಒಂದೆರಡು ದಿನದಲ್ಲಿ ಒಡೆಯುತ್ತವೆ. ಮುಂದಿನ ಎರಡು-ಮೂರು ದಿನಗಳಲ್ಲಿ ಮರಿಗಳು ಸ್ವತಂತ್ರವಾಗಿ ಈಜತೊಡಗಿದಾಗ ಗಂಡನ್ನೂ ತೆಗೆಯಬೇಕು. ಮರಿಗಳ ಬಾಯಿ ಅತಿ ಸೂಕ್ಷ್ಮವಾದ್ದರಿಂದ ಮೊದಲ ದಿನಗಳಲ್ಲಿ ನೀರಿನ ಸೂಕ್ಷ್ಮಜೀವಿಗಳೇ ಆಹಾರ. ನಂತರ ಆಗತಾನೇ ಒಡೆದ ಆರ್ಟೀಮಿಯಾ ಮರಿಗಳನ್ನು ಕೊಡಬಹುದು. ಹುಟ್ಟಿದಾಗ ಇಲ್ಲದ ಲ್ಯಾಬಿರಿಂತ್ ಅಂಗ ಮೊದಲ ವಾರಗಳಲ್ಲಿ ಬೆಳೆಯುತ್ತದೆ. ಆ ಅವಧಿಯಲ್ಲಿ ಮುಚ್ಚಳ ತೆರೆದಿಟ್ಟು ತಣ್ಣನೆಯ ಗಾಳಿ ತಾಗಿದರೆ ಮರಿಗಳು ಗುಂಪಾಗಿ ಸಾಯುತ್ತವೆ.

ಕೊಳ್ಳುವ ಮುನ್ನ

ಕುಬ್ಜ ಗೌರಾಮಿಗೆ ಇರಿಡೋವೈರಸ್ ಸೋಂಕು ದೊಡ್ಡ ಪಿಡುಗು. ಬಣ್ಣ ಮಾಸುವುದು, ಆಹಾರ ಬಿಡುವುದು, ಹೊಟ್ಟೆ ಉಬ್ಬುವುದು ಇದರ ಲಕ್ಷಣಗಳು, ಚಿಕಿತ್ಸೆಯಿಲ್ಲ. 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಸಾಕಣೆಯ ಮರ್ರೆ ಕಾಡ್ ಮೀನುಗಳನ್ನು ಬಲಿ ತೆಗೆದುಕೊಂಡ ವೈರಸ್ ಕುಬ್ಜ ಗೌರಾಮಿಯ ವೈರಸ್‌ನ ಅತಿ ಸಮೀಪದ್ದೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಂಕಾದ ಒಂದೇ ಮೀನಿದ್ದರೂ ಆ ತೊಟ್ಟಿಯಿಂದ ಕೊಳ್ಳದಿರುವುದು ಲೇಸು. ಹೊಸ ಮೀನನ್ನು ಮೂರ್ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ನಂತರ ಇತರ ಮೀನುಗಳೊಂದಿಗೆ ಬಿಡಬೇಕು.

ಹೊಂದಿಕೊಳ್ಳದ ಗಂಡನ್ನಾಗಲಿ, ಹೆಚ್ಚಾದ ಮರಿಗಳನ್ನಾಗಲಿ ಊರ ಕೆರೆಗೆ ಬಿಡುವುದು ಸಲ್ಲದು. ಹೊರಗಿನ ಮೀನು ಮತ್ತು ಅದರೊಂದಿಗಿನ ರೋಗ ಸ್ಥಳೀಯ ಮೀನುಗಳಿಗೆ ಮಾರಕವಾಗಬಹುದು. ಅವನ್ನು ಅಂಗಡಿಗೆ ಮರಳಿಸುವುದು ಅಥವಾ ಬೇರೆ ಸಾಕಣೆದಾರರಿಗೆ ಕೊಡುವುದು ಸೂಕ್ತ. ಅಂಗಡಿಯ ಗಾಜಿನ ಮುಂದೆ ಐದು ನಿಮಿಷ ನಿಂತು ಬೆನ್ನಿನ ರೆಕ್ಕೆಯನ್ನು ಗಮನಿಸಿದರೆ ಅಂತಹ ಪ್ರಸಂಗವೇ ಹೆಚ್ಚಾಗಿ ಬಾರದು.